ಮೂರನೇ ಮುಚ್ಚಳದ ಬಣ್ಣ

ಆಗ ನಮ್ಮ ನಿಪ್ಪಾಣಿಯಲ್ಲಿ ಗಾಡಿಯ ಹಳೆ ಬಣ್ಣಕ್ಕೆ ಹೊಸ ಬಣ್ಣ ಕೂಡಿಸುವುದು ಕಣ್ಣಿನ ಕೆಲಸವಾಗಿತ್ತು. ಈಗಿನಂತೆ ನಂಬರು ಒತ್ತಿದರೆ ಯಂತ್ರದಿಂದ ಡಬ್ಬಿ ತುಂಬಿ ಬರುತ್ತಿರಲಿಲ್ಲ. ನೀವೂ ಪೇಂಟರನ ಮಕ್ಕಳಾಗಿದ್ದರೆ ನಿಮಗೆ ಗೊತ್ತೇ ಇರುತ್ತದೆ, ಅಪ್ಪ ಮನೆಗೆ ಬರುವ ಮೊದಲೇ ಅವನ ಥಿನ್ನರಿನ ವಾಸನೆ ಓಣಿಯೊಳಗೆ ಬಂದಿರುತ್ತಿತ್ತು. ಸಾಲಿಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡು "ಚಿಮಣಿ ಎಣ್ಣಿ ಬಂದ್ಲ್ ನೋಡ್ರೇ" ಅಂತ ನಗುತ್ತಿದ್ದರು. ನಗಲಿ ಬಿಡಿ, ನನಗೆ ಆ ವಾಸನೆ ಅಂದರೆ ಜೀವ.

ನನಗೆ ಹತ್ತು ವರ್ಷ. ಅವ್ವ ಸತ್ತು ಒಂದು ವರ್ಷವಾಗಿತ್ತು. ಅವಳು ಜಂಪರ್ ಹೊಲಿಯುತ್ತಿದ್ದಳು. ಸೀರೆಗೆ ಹೊಂದುವ ಅರಿವೆ ಆರಿಸಬೇಕೆಂದರೆ ಓಣಿಯ ಹೆಂಗಸರೆಲ್ಲ ಅವಳನ್ನೇ ಅಂಗಡಿಗೆ ಕರೆದೊಯ್ಯುತ್ತಿದ್ದರು. "ನಿನ್ನ ಕಣ್ಣು ನಿಮ್ಮವ್ವಂದ ನೋಡ್ ಸುರೀ" ಅಂತ ಅಪ್ಪ ನನಗೆ ಹೇಳುತ್ತಿದ್ದ. ಮನೆಯಲ್ಲಿ ನಾವಿಬ್ಬರೇ. ಅವನು ರೊಟ್ಟಿ ಬಡಿದರೆ ಒಂದೂ ದುಂಡಗಾಗುತ್ತಿರಲಿಲ್ಲ, ನಾನು ಬಡಿದರೆ ಹರಿದೇ ಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ಅಪ್ಪನಿಗೆ ದೊಡ್ಡ ಕೆಲಸ ಸಿಕ್ಕಿತು. ತಂಬಾಕಿನ ಸಾವಕಾರರೊಬ್ಬರ ವಖಾರಿಯ ಮೂಲೆಯಲ್ಲಿ, ಅವರ ಅಜ್ಜನ ಕಾಲದ ಕಾರೊಂದು ತಂಬಾಕು ತುಂಬಿದ ಬೋದುಗಳ ಹಿಂದೆ ಧೂಳು ತಿನ್ನುತ್ತ ನಿಂತಿತ್ತು. ಅದಕ್ಕೆ ಮೂರು ಸಲ ಬಣ್ಣ ಬಳಿದಿದ್ದರು, ಕಡೆಯ ಸಲ ಯಾರದೋ ಲಗ್ನಕ್ಕೆಂದು ಕೆಂಪು. ಸಾವಕಾರರದು ಒಂದೇ ಹಟ, "ಕಂಪನಿಯಿಂದ ಹೊರಬಿದ್ದಾಗ ಹೆಂಗಿತ್ತೋ ಹಂಗ ಆಗಬೇಕ್ ನೋಡಪಾ."

"ಆಗತೈತ್ರಿ. ಆದರ ಕನ್ನಡಿ ಹಂಗ ಮಿಂಚಂಗಿಲ್ಲ" ಅಂದ ಅಪ್ಪ. "ಆಗಿನ ಪೇಂಟು ಇಷ್ಟ ಮಿಂಚತಿದ್ದಿಲ್ರಿ. ಕೈಯಿಂದ ತಿಕ್ಕಿ ತಿಕ್ಕಿ ಬಂದ ಹೊಳಪದು. ಹೆಚ್ಚಿಗಿ ಮಿಂಚಿಸಿದ್ರ ಸುಳ್ಳ ಆಗತೈತಿ."

ಅಪ್ಪ ಡ್ಯಾಶ್‌ಬೋರ್ಡಿನ ಗಡಿಯಾರ ಬಿಚ್ಚಿದ. ಅದರ ಹಿಂದೆ ಬಿಸಿಲು ಕಾಣದ, ಯಾರೂ ಬಳಿಯದ, ಅಂಗೈಯಷ್ಟು ಜಾಗ. ಹೆಸರುಕಾಳು ನೆನೆಹಾಕಿದ ನೀರಿನಂಥ ಬಣ್ಣ, ಬೂದಿಯೊಳಗೆ ಸ್ವಲ್ಪ ಹಸಿರು. ಅಪ್ಪ ಎಷ್ಟೋ ಹೊತ್ತು ಅದನ್ನೇ ನೋಡಿದ. "ಅಲ್ನೋಡ, ಹುಟ್ಟಿದಾಗ ಹಿಂಗಿತ್ತು" ಅಂದ. ಅವ್ವ ಹೋದ ಮೇಲೆ ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಅವತ್ತೇ ನೋಡಿದ್ದು.

ಸಾಲಿಗೆ ಸೂಟಿ ಇದ್ದುದರಿಂದ ನಾನೂ ದಿನಾ ವಖಾರಿಗೆ ಹೋಗುತ್ತಿದ್ದೆ. ಕಾಯುತ್ತ ಒಬ್ಬಳೇ ಗಜಗ ಆಡುತ್ತಿದ್ದೆ, ಎರಡೂ ಕಡೆಯ ಆಟ ನನ್ನದೇ. ತಂಬಾಕಿನ ಘಾಟಿಗೆ ಸೀನು ಬರುತ್ತಿತ್ತು. ಅಪ್ಪ ದಿನಕ್ಕೊಂದು ಬಣ್ಣ ಕಲಸಿ ಡಬ್ಬಿಯ ಮುಚ್ಚಳದ ಮೇಲೆ ಹೊಡೆದು, ಹಿಂದೆ ನಂಬರು ಬರೆದು ಇಡುತ್ತಿದ್ದ. ಆ ಪೇಂಟು ಒಣಗಿದಂತೆ ಬಣ್ಣ ಸ್ವಲ್ಪ ಕಪ್ಪಿಡುತ್ತದೆ, ಅದಕ್ಕೇ ಒಂದು ದಿನ ಬಿಟ್ಟು ನೋಡಬೇಕು. ನೋಡುವುದೂ ಸಂಜೆಯ ಇಳಿಬಿಸಿಲಿನಲ್ಲೇ. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಮೋಸ ಮಾಡುತ್ತದೆ ಅನ್ನುತ್ತಿದ್ದ. ಇತ್ತ ಸಾವಕಾರರು ಜೈನರು, ಹೊತ್ತು ಮುಳುಗುವ ಮೊದಲೇ ಅವರ ಊಟ. ಒಂದು ಮುಚ್ಚಳ ನೋಡುವಷ್ಟರಲ್ಲಿ ಅವರ ಮನೆಯ ಅಕ್ಕಾರು ಒಳಗಿಂದ ಕೂಗುತ್ತಿದ್ದರು, "ಬರ್ರಿ, ಹೊತ್ತ ಮುಳಗಾಕತ್ತೇತಿ. ಕೂಸಿಗಿ ಹಸಿವಾಗಿರತೈತಿ." ಮಡಕಿಕಾಳಿನ ಪಲ್ಯ, ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಉಳ್ಳಾಗಡ್ಡಿ ಇಲ್ಲದೆಯೂ ಅಷ್ಟು ರುಚಿ ಹೇಗೆ ಬರುತ್ತದೋ, ಯಪ್ಪಾ! ಹೀಗೆ ದಿನಕ್ಕೆ ಒಂದೇ ಮುಚ್ಚಳದ ತೀರ್ಮಾನ. ಆಗದಿದ್ದರೆ ಮತ್ತೆ ನಾಳೆ.

ಎರಡನೇ ಮುಚ್ಚಳದ ದಿನ ಸದಲಗಾದಿಂದ ಅಪ್ಪನ ಅಕ್ಕ, ನಮ್ಮ ಅತ್ತಿ ಬಂದಳು. ನನ್ನ ತಲೆ ಬಾಚುತ್ತ ಹೇಳಿದಳು, "ಈ ಗಾಡಿ ಮುಗೀತಂದ್ರ ನಿಮ್ಮಪ್ಪ ಪುಣೆಕ್ಕ ಹೊಕ್ಕಾನ. ಅಲ್ಲಿ ಹಳೇ ಗಾಡಿ ಮಾಡೋ ದೊಡ್ಡ ಗ್ಯಾರೇಜನ್ಯಾರು ಕರದಾರ. ನೀ ನಮ್ಮನ್ಯಾಗ ಇರಾಕಿ. ಎಮ್ಮಿ ಹಾಲ ಕುಡದ ಗುಂಡಗ ಆಗೀಯಂತ."

"ಮತ್ತ ಅಪ್ಪ ಯಾವಾಗ ಬರ್ತಾನ?"

"ಹಬ್ಬಕ್ಕ ಬಂದ ಹೊಕ್ಕಾನಲ್ಲ."

ಅತ್ತಿಯದೇನೂ ತಪ್ಪಿಲ್ಲ, ಅವಳು ಒಳ್ಳೆಯವಳೇ. ಆದರೆ ಅವಳ ಎಮ್ಮೆ ಹಾಲು ಕಟ್ಟಿಕೊಂಡು ನಾನೇನು ಮಾಡಲಿ?

ಮರುದಿನ ಸಂಜೆ ಅಪ್ಪ ಮೂರನೇ ಮುಚ್ಚಳವನ್ನು ಗಡಿಯಾರದ ಜಾಗಕ್ಕೆ ಹಿಡಿದ. ಮುಚ್ಚಳ ಎಲ್ಲಿ ಮುಗಿಯಿತು, ಗಾಡಿ ಎಲ್ಲಿ ಶುರುವಾಯಿತು, ತಿಳಿಯಲಿಲ್ಲ. ಅಪ್ಪ ಕೇಳಿದ, "ಕೂಡೇತಿ ಅನಸ್ತೈತಿ ನನಗ. ನೀ ನೋಡವ್ವಾ."

ನಾನು ನೋಡಿದೆ. ನೋಡಿ, "ಇಲ್ಲಪಾ. ಹಸರ ಕಡಿಮಿ ಆಗೇತಿ" ಅಂದೆ.

ಅವನು ಮತ್ತೆ ನೋಡಿದ. ಕಣ್ಣುಜ್ಜಿಕೊಂಡ. ಮೊದಲು ಗಾಡಿ ನೋಡಿದ, ಆಮೇಲೆ ನನ್ನನ್ನು. "ಹೌದೇನು?" ಅಂದ. ನಾನು ಹೌದೆಂದು ಗೋಣು ಹಾಕಿದೆ. ಅವನು ಮುಚ್ಚಳವನ್ನು ಕೆಳಗಿಟ್ಟ. ಅಷ್ಟೇ ರೀ. ಒಂದು ಸಲ ‘ಇಲ್ಲ’ ಅಂದದ್ದಕ್ಕೆ ಅಪ್ಪನ ಜೊತೆ ನನಗೆ ಇನ್ನೊಂದು ದಿನ ಸಿಕ್ಕಿತು.

ಆಮೇಲೆ ಅದು ಚಟವಾಯಿತು. ಹಳದಿ ಹೆಚ್ಚು, ಬಿಳಿ ಕಡಿಮೆ, ಕರಿ ಒಂದು ಹನಿ ಜಾಸ್ತಿ, ಬಾಯಿಗೆ ಬಂದದ್ದು ಹೇಳಿದೆ. ಅಪ್ಪ ನಾನು ಹೇಳಿದಂತೆಲ್ಲ ಬೆರೆಸಿದ. ಬಣ್ಣ ದಿನದಿಂದ ದಿನಕ್ಕೆ ದೂರ ಹೋಯಿತು. ಮುಚ್ಚಳಗಳು ಇಪ್ಪತ್ತು ದಾಟಿದವು. ಅಪ್ಪನ ಮಾತು ಕಡಿಮೆಯಾಯಿತು. ಮನೆಯಲ್ಲಿ ಅವ್ವನ ಹಳೆಯ ಅರಿವೆ ತುಂಡುಗಳನ್ನು ಹಿಡಿದು "ಇದ್ಯಾವ ಬಣ್ಣ? ಮತ್ತ ಇದು?" ಅಂತ ನನ್ನನ್ನೇ ಕೇಳುತ್ತಿದ್ದ. ನನಗೆ ಅಳು ಬರುತ್ತಿತ್ತು. ಆದರೂ ಹೇಳಲಿಲ್ಲ, ಸದಲಗಾ ಕಣ್ಣ ಮುಂದೆ ನಿಲ್ಲುತ್ತಿತ್ತು.

ಒಂದು ದಿನ ಅವನೇ ಸಾವಕಾರರ ಮುಂದೆ ನಿಂತು ಹೇಳಿದ, "ನನ್ನ ಕಣ್ಣ ಹೋದ್ವರಿ. ಬ್ಯಾರೇದವ್ರನ ಕರಸ್ರಿ." ಪುಣೆಗೂ ಬರುವುದಿಲ್ಲವೆಂದು ಹೇಳಿಕಳಿಸಿದ. ನನಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು, ಈಗ ಯಾಕೆ ಮುಚ್ಚಿಡಲಿ?

ಸಾವಕಾರರು ಕೊಲ್ಲಾಪುರದಿಂದ ಒಬ್ಬ ಪೇಂಟರನನ್ನು ಕರೆಸಿದರು. ಅಪ್ಪನ ಸ್ಪ್ರೇ ಗನ್ನು ತರಲು ನಾನು ವಖಾರಿಗೆ ಹೋದಾಗ, ಅವನು ಮುಚ್ಚಳಗಳ ರಾಶಿ ಕೆದರಿ, ಒಂದನ್ನು ಗಡಿಯಾರದ ಜಾಗಕ್ಕೆ ಹಿಡಿದು ನಿಂತಿದ್ದ. "ಕುಣಿ ಕೇಲಂಯ ಗ ಹೇ? ಏಕದಮ್ ಬರೋಬರ್!" ಅಂದ. ಯಾರು ಮಾಡಿದ್ದು ಇದನ್ನು, ಪಕ್ಕಾ ಕೂಡಿದೆ, ಅಂತ. ಹಿಂದೆ ತಿರುಗಿಸಿದರೆ ಅಪ್ಪನ ಕೈಬರಹದ ಮೂರು. "ನಮ್ಮಪ್ಪ" ಅಂದೆ. ಇಂಥ ಕಣ್ಣು ಕೊಲ್ಲಾಪುರದಲ್ಲೂ ಇಲ್ಲ, ನಿಮ್ಮಪ್ಪಗ ನಾ ಹೇಳಿದೆ ಅಂತ ಹೇಳು ಅಂದ ಪುಣ್ಯಾತ್ಮ. ನಾನು ಗನ್ನು ಎದೆಗೆ ಅವಚಿಕೊಂಡು ಮನೆಗೆ ಬಂದೆ. ಹೇಳಿದರೆ ಅಪ್ಪ ಪುಣೆಗೆ ಹೋಗುತ್ತಾನೆ. ಹೇಳಲಿಲ್ಲ.

ಸಾವಕಾರರು ಅಪ್ಪನನ್ನು ವಖಾರಿಯ ಬಾಗಿಲಿಗೆ ಇಟ್ಟುಕೊಂಡರು, ಲಾರಿ ಬಂದರೆ ಬಾಗಿಲು ತೆಗೆಯುವ ಕೆಲಸ. ಗಾಡಿ ತಯಾರಾಗಿ ಹೊರಟ ದಿನ ಬಾಗಿಲು ತೆಗೆದವನೂ ಅವನೇ. ನಾನು ಪಕ್ಕದಲ್ಲಿದ್ದೆ. ಮೂರನೇ ಮುಚ್ಚಳದ ತನ್ನದೇ ಬಣ್ಣ ಕಣ್ಣ ಮುಂದೆ ಹಾದುಹೋಗುವುದನ್ನು ನೋಡಿ, "ನೋಡ್ ಸುರೀ, ಕಣ್ಣಂದ್ರ ಹಿಂಗಿರಬೇಕು. ನನಗ ಬರಲಿಲ್ಲ" ಅಂದ.

ಮತ್ತೆ ಅವನು ಗನ್ನು ಮುಟ್ಟಲಿಲ್ಲ. ಅಂಗಿ ತರಲು ಹೋದರೆ "ಇದು ನೀಲಿನೋ ಹಸರೋ" ಅಂತ ಅಂಗಡಿಯವನನ್ನು ಕೇಳುತ್ತಿದ್ದ. ನನ್ನ ಲಗ್ನದ ಸೀರೆ ಆರಿಸುವಾಗ ಅಂಗಡಿಯ ಹೊರಗೇ ಕೂತ. ನಾನು ಬಯಸಿದಂತೆ ಅಪ್ಪ ಮನೆಯಲ್ಲೇ ಉಳಿದ, ದಿನಾ ಸಂಜೆ ನನ್ನ ಎದುರಿಗೇ ಕೂತು ಉಂಡ. ಆದರೆ ನಮ್ಮಿಬ್ಬರ ನಡುವೆ ಇದ್ದದ್ದು ಬಣ್ಣದ ಮಾತೊಂದೇ, ಅದು ಹೋದ ಮೇಲೆ ಮಾತೇ ಉಳಿಯಲಿಲ್ಲ. ಸದಲಗಾದಲ್ಲಿದ್ದರೂ ನಾನು ಅಷ್ಟು ಒಬ್ಬಂಟಿಯಾಗುತ್ತಿರಲಿಲ್ಲವೇನೋ.

ಹೋದ ವರ್ಷ ಅಪ್ಪ ಹಾಸಿಗೆ ಹಿಡಿದಾಗ ಗಂಡನ ಮನೆ ಅಥಣಿಯಿಂದ ಹೋಗಿ ಅವನ ಪಕ್ಕ ಕೂತು ಎಲ್ಲ ಹೇಳಿದೆ. "ಅಪ್ಪಾ, ಮೂರನೇ ಮುಚ್ಚಳ ಬರೋಬ್ಬರಿ ಇತ್ತು. ನೀ ಬಿಟ್ಟ ಹೋಗಬಾರ್ದಂತ ನಾ ಸುಳ್ಳ ಹೇಳಿದ್ನಿ."

ಅಪ್ಪ ನಕ್ಕು ನನ್ನ ಕೈ ತಟ್ಟಿದ. "ಹುಚ್ಚಿ, ಸಾಯೋ ಮುದುಕಗ ಸಮಾಧಾನ ಮಾಡಾಕ ಹೇಳಾಕತ್ತಿ. ನೀ ಸಣ್ಣಾಕಿದ್ದಾಗ ಒಂದ್ ಸುಳ್ಳೂ ಆಡಿದಾಕಿ ಅಲ್ಲ."

ಆಣೆ ಮಾಡಿದೆ, ಅಳುತ್ತ ಮತ್ತೆ ಹೇಳಿದೆ. "ಇರ್ಲಿ ಬಿಡವ್ವಾ" ಅಂದು ಕಣ್ಣು ಮುಚ್ಚಿಕೊಂಡ. ಮರುವಾರ ತೀರಿಕೊಂಡ. ನನ್ನ ಮಾತನ್ನು ಅಷ್ಟು ನಂಬಿದವರು ಮತ್ತೆ ಯಾರೂ ಸಿಗಲಿಲ್ಲ.