ಮೆಣಸಿನ ಮೇಲೆ ಮಂಡಿಯೂರಿದ ಗುರುವಾರ

ಒಣಗಿದ ಕಾಳುಮೆಣಸಿನ ಚೀಲಕ್ಕೆ ಕೈ ಹಾಕಿದಾಗ ಏಳುವ ಘಾಟಿನ ಹಿಂದೆಯೇ ನನಗೆ ಹಬೆಯಲ್ಲಿ ಬೆಂದ ಅಕ್ಕಿಹಿಟ್ಟಿನ ವಾಸನೆಯೂ ಬರುತ್ತದೆ. ಮೆಣಸು ಕೊಳ್ಳುವುದೇ ನನ್ನ ಕಸುಬು. ನರಸಿಂಹರಾಜಪುರದಿಂದ ಕೊಪ್ಪದವರೆಗೆ ನನ್ನ ಚೌಕಾಸಿಗೆ ಹೆಸರಿದೆ. ಮೊದಲ ಚೌಕಾಸಿ ಮಾತ್ರ ನಡೆದದ್ದು ದೇವರ ಜೊತೆ, ಒಂಬತ್ತನೇ ವಯಸ್ಸಿನಲ್ಲಿ, ಸೀತೂರಿನ ಬದಿಯಲ್ಲಿದ್ದ ನಮ್ಮ ಮನೆಯ ಹಿತ್ತಲಲ್ಲಿ. ನಮ್ಮಜ್ಜ ಅಪ್ಪಚ್ಚನ್ ಸಂಜೆಯ ಪ್ರಾರ್ಥನೆ ಮುಗಿಸಿ, ದೇವರು ಒಳ್ಳೆಯವರನ್ನು ಬಲಕ್ಕೂ ಪಾಪಿಗಳನ್ನು ಎಡಕ್ಕೂ ನಿಲ್ಲಿಸುವ ಕೊನೆಯ ತೀರ್ಪಿನ ವಿಷಯ ಹೇಳುತ್ತಿದ್ದರು. "ಕದ್ದು ತಿಂದೋರೆಲ್ಲ ಎಡಗಡೆ. ಬೆಂಕಿ ಇರೋದೂ ಆ ಕಡೆಗೇ." ಮೊಮ್ಮಕ್ಕಳೆಲ್ಲ ಒಬ್ಬರನ್ನೊಬ್ಬರು ತಳ್ಳಿಕೊಂಡು ಬಲಕ್ಕೆ ಸರಿಯುತ್ತಿದ್ದೆವು.

ಊರಿಗೆ ಮೊಬೈಲ್ ಟವರ್ ಬಂದ ವರ್ಷದ ಪವಿತ್ರ ಗುರುವಾರ. ಯೇಸು ಶಿಷ್ಯರೊಡನೆ ಕೊನೆಯ ಊಟ ಮಾಡಿದ ನೆನಪಿಗೆ ಅಂದು ನಮ್ಮಲ್ಲಿ ಹುಳಿ ಬರಿಸದ ಅಕ್ಕಿಹಿಟ್ಟಿನ ಅಪ್ಪವನ್ನು ಹಬೆಯಲ್ಲಿ ಬೇಯಿಸಿ, ಮೇಲೆ ತೆಂಗಿನ ಗರಿಯ ಶಿಲುಬೆ ಇಡುತ್ತಾರೆ. ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಅದನ್ನು ಮುರಿದು ವಯಸ್ಸಿನ ಕ್ರಮದಲ್ಲಿ ಕೊಡಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಎಲ್ಲರಿಗಿಂತ ಚಿಕ್ಕವಳು ನಾನು. ಮಧ್ಯಾಹ್ನ ತಡೆಯಲಾರದೆ ಅಂಚು ಮುರಿದು ತಿಂದುಬಿಟ್ಟೆ. ನುಂಗಿದ್ದೇ ತಡ, ಅಜ್ಜ ಹೇಳಿದ ಎಡಗಡೆ ನೆನಪಾಯಿತು. ಒಣಹಾಕಿದ್ದ ಮೆಣಸಿನ ಮೇಲೆ ಬರಿಯ ಮಂಡಿಯೂರಿ ನೂರು ಪ್ರಾರ್ಥನೆ ಹೇಳುತ್ತೇನೆ, ಎಡಗಡೆ ಮಾತ್ರ ನಿಲ್ಲಿಸಬೇಡ ಎಂದು ದೇವರೊಡನೆ ಮಾತಾಡಿಕೊಂಡೆ.

ಮೂವತ್ತಕ್ಕೆ ಬರುವಷ್ಟರಲ್ಲಿ ಅಜ್ಜಿ ಕಂಡರು. "ಎಂತ ಮಾರಾಯ್ತಿ, ಮೆಣಸನ್ನೆಲ್ಲ ಹುಡಿ ಮಾಡ್ತೀಯಾ?" ನಾನು ಅಳುತ್ತ ಎಲ್ಲ ಹೇಳಿದೆ. ಬಾಗಿಲಲ್ಲಿ ಅಪ್ಪಚ್ಚನ್ ನಿಂತದ್ದನ್ನು ನೋಡಿದ್ದು ಆಮೇಲೆ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಆ ಬೆಳಿಗ್ಗೆ ಚರ್ಚಿನಲ್ಲಿ ಫಾದರ್ ಹನ್ನೆರಡು ಜನ ಹಿರಿಯರ ಕಾಲು ತೊಳೆದಿದ್ದರು, ಅವರಲ್ಲಿ ಅಪ್ಪಚ್ಚನೂ ಒಬ್ಬರು. ಈಗ ಅವರೇ ಬಿಸಿನೀರು ತರಿಸಿ, ಮಣ್ಣಿನಲ್ಲಿ ಕುಳಿತು, ನನ್ನ ಮಂಡಿಗೆ ನೆಟ್ಟಿದ್ದ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆದರು. ಅಷ್ಟು ಎತ್ತರದ ಮನುಷ್ಯನ ನೆತ್ತಿಯನ್ನು ನಾನು ಕಂಡದ್ದು ಅದೇ ಮೊದಲು.

"ಎಡಗಡೆ ನಿಲ್ಲಿಸ್ತಾನಾ ಅಪ್ಪಚ್ಚಾ?"

"ನಾನೂ ಇಷ್ಟು ವರ್ಷ ಹೆದರಿಕೊಂಡೇ ಮಂಡಿಯೂರಿದ್ದು, ಮಗಳೇ," ಎಂದರು. "ಇವತ್ತು ಫಾದರು ಕಾಲು ಹಿಡಿದಾಗ, ಬಗ್ಗಿ ಕಾಲು ತೊಳೆಯೋ ದೇವರಿಗೆ ಎಂತಕ್ಕೆ ಹೆದರೋದು ಅನ್ನಿಸ್ತು."

ಸಂಜೆ ಅವರು ಅಂಚು ಹೋದ ಅಪ್ಪವನ್ನು ಮುರಿದು, ಮೊದಲ ತುಂಡನ್ನು ಎಲ್ಲರನ್ನೂ ದಾಟಿಸಿ ನನಗೆ ಕೊಟ್ಟರು. ಎಡಗಡೆಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಮಕ್ಕಳಿರುವವರಿಗೆ ನನ್ನದೊಂದು ಮಾತು: ದೇವರ ಹೆಸರು ಹೇಳಿ ಹೆದರಿಸಬೇಡಿ. ಹೆದರಿದ ಮಗು ನನ್ನ ಹಾಗೆ ವ್ಯಾಪಾರ ಕಲಿಯುತ್ತದೆ, ಅಷ್ಟೆ.

ಈಗ ಅಜ್ಜ ಅಜ್ಜಿ ಇಬ್ಬರೂ ಇಲ್ಲ. ಮನೆಯಿದ್ದಲ್ಲಿ ರಬ್ಬರ್ ಗಿಡಗಳು ಸಾಲಾಗಿ ನಿಂತಿವೆ. ಅಂದು ಹೇಳದೆ ಉಳಿದ ಎಪ್ಪತ್ತು ಪ್ರಾರ್ಥನೆಗಳನ್ನು ಹೇಳಿ ಮುಗಿಸು ಎಂದು ಯಾರೂ ಕೇಳಲಿಲ್ಲ. ಚೀಲಕ್ಕೆ ಕೈ ಹಾಕಿ ಘಾಟು ಮೂಗಿಗೆ ಏರಿದಾಗ ಒಂದೊಂದನ್ನು ಹೇಳುತ್ತೇನೆ, ಎಣಿಸದೆ.