ಮೂರನೇ ಕೂಗು

ನಮ್ಮತ್ತೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮದುವೆಯಾಗಿ ಗುಮಟಾಪುರಕ್ಕೆ ಬಂದ ಹೊಸದರಲ್ಲಿ ನಾನು ಅವರನ್ನು ಕಿವುಡಿ ಎಂದೇ ತಿಳಿದಿದ್ದೆ. ಸಂಜೆ ಹೊತ್ತು ಒಳಗಿನಿಂದ "ಅತ್ತೆ" ಅಂದರೆ ಉತ್ತರವಿಲ್ಲ. ಇನ್ನೊಮ್ಮೆ ಕೂಗಿದರೂ ಇಲ್ಲ. ಒಲೆಯ ಮೇಲೆ ಹಾಲು ಉಕ್ಕಲಿ, ಹಸು ಹಗ್ಗ ಕಿತ್ತುಕೊಳ್ಳಲಿ, ಮೂರನೇ ಸಲ ಕೂಗಿದ ಮೇಲೆಯೇ ಹಿತ್ತಿಲಿನಿಂದ "ಓ" ಅನ್ನುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಾಮರಾಜನಗರದಲ್ಲಿ ನಮ್ಮಮ್ಮ ಎರಡನೇ ಸಲ ಕೂಗುವಾಗಲೇ ಕೈಯಲ್ಲಿ ಸೌಟು ಹಿಡಿದಿರುತ್ತಿದ್ದಳು. ಗಂಡ ಶಿವಶಂಕರನನ್ನು ಕೇಳಿದರೆ, "ಅವ್ವ ಅಂಗೇಯ, ಬುಟ್ಬುಡು" ಅಂದ.

ಅತ್ತೆಯ ಹೆಸರು ಭಾಗ್ಯ. ಐವತ್ತು ದಾಟಿದ ಹೆಂಗಸು. ಕಂಡವರ ಹೊಲದಲ್ಲಿ ಕೋಸು ಕಡಿದು, ಚೆಂಡುಹೂವು ಬಿಡಿಸಿ ಒಬ್ಬನೇ ಮಗನನ್ನು ಬೆಳೆಸಿದವರು. ಕೆಲಸದಲ್ಲಿ ಅವರನ್ನು ಮೀರಿಸುವವರು ಇಲ್ಲ, ಮಾತು ಮಾತ್ರ ತೂಕ ಹಾಕಿದಷ್ಟು. ಅವರು ಯಾರನ್ನಾದರೂ ಹೆಸರು ಹಿಡಿದು ಕೂಗಿದ್ದನ್ನು ನಾನು ಕಂಡಿರಲಿಲ್ಲ. ಹೊಲದ ಆ ತುದಿಯಲ್ಲಿ ಇರುವವರನ್ನು ಕರೆಯಬೇಕಾದರೂ ನಡೆದುಕೊಂಡು ಹೋಗಿ ಭುಜ ಮುಟ್ಟುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಅಂಗಳಕ್ಕೆ ಬಂದು ಹುಣಸೆಮರದ ಕಡೆ ತಲೆ ವಾಲಿಸಿ ನಿಲ್ಲುತ್ತಿದ್ದರು. ಏನು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಾನೂ ಒಮ್ಮೆ ಪಕ್ಕದಲ್ಲಿ ನಿಂತು ನೋಡಿದೆ. ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ನನಗೆ ಹೆದರಿಕೆಯಾಗಿ ಒಳಗೆ ಬಂದುಬಿಟ್ಟೆ.

ಇನ್ನೊಂದು, ಮೈಕು. ಮದುವೆ ಮನೆಯಲ್ಲಿ "ಹಲೋ, ಹಲೋ" ಎಂದು ಮೈಕಿನವನು ಗಂಟಲು ಸರಿಮಾಡಿಕೊಂಡರೆ ಸಾಕು, ಅತ್ತೆ ಎಲೆ ಬಿಟ್ಟು ಎದ್ದು ಬರುತ್ತಿದ್ದರು. ಊರ ಹಬ್ಬದ ದಿನ ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತಿದ್ದರು. ಜನ ಅವರಿಗೆ ಜಂಬ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ನನ್ನ ಮಗಳು ಮಮತ ಐದು ತುಂಬುವ ಹೊತ್ತಿಗೆ ಅದೇ ಚಾಳಿ ಹಿಡಿದಳು. ಸಂಜೆ ಸ್ನಾನಕ್ಕೆ ಕರೆದರೆ ಮೂರನೇ ಸಲಕ್ಕೆ "ಓ". ಒಂದು ದಿನ ಚೆಂಡುಹೂವಿನ ಹೊಲದಲ್ಲಿ ಅತ್ತೆಯ ಜೊತೆ ಹೂ ಬಿಡಿಸುತ್ತಿದ್ದಾಗ ನನ್ನ ತಾಳ್ಮೆ ಕೆಟ್ಟಿತು. "ಮಗುಗೆ ಇದೇನು ಕಲಿಸಿದ್ದೀರಿ ಅತ್ತೆ, ನಾಳೆ ಸ್ಕೂಲಲ್ಲಿ ಮಿಸ್ಸು ಹಾಜರಿ ಕರೆದಾಗ್ಲೂ ಮೂರು ಸಲ ಕೂಗ್ಬೇಕಾ?" ಅಂದೆ. ಅತ್ತೆ ಕೋಪ ಮಾಡಿಕೊಳ್ಳಲಿಲ್ಲ. ಹೂವಿನ ಕುಕ್ಕೆಯನ್ನು ಬದುವಿನ ಮೇಲಿಟ್ಟು ಕೂತರು. "ನಮಗೊಂದು ಪಾರ್ಕಿತ್ತು ಕಣವ್ವ" ಅಂದರು.

ನಗು ಬಂತು ನನಗೆ. ಹುಟ್ಟಿದ್ದು ತಾಳಮಲೆ ಕಾಡಿನಲ್ಲಿ, ಬಾಳಿದ್ದು ಗುಮಟಾಪುರದಲ್ಲಿ, ಇವರಿಗೆಲ್ಲಿಯ ಪಾರ್ಕು? ಆದರೆ ಇತ್ತು. ಅತ್ತೆಯ ಅಪ್ಪ ದೊಡ್ಡಮಾದ ಕೂಲಿ ಹುಡುಕಿಕೊಂಡು ದಿಂಬಂ ಘಾಟು ಇಳಿದು, ತಮಿಳು ಮಾತಾಡುವ ಬಯಲಿನ ಒಂದು ದೊಡ್ಡ ಊರಿನ ಪಾರ್ಕಿನಲ್ಲಿ ಗಿಡಗಳಿಗೆ ನೀರು ಬಿಡುವ ಕೆಲಸಕ್ಕೆ ಸೇರಿದ್ದನಂತೆ. ಆ ಊರಿನ ಹೆಸರನ್ನು ಅತ್ತೆ ಬಾಯಿಬಿಟ್ಟು ಹೇಳುವುದಿಲ್ಲ, ಬರೀ ಪಾರ್ಕು ಅನ್ನುತ್ತಾರೆ. ಪಂಪ್ ಮನೆಯ ಹಿಂದಿನ ಕೋಣೆಯಲ್ಲಿ ಇವರ ಸಂಸಾರ. ಅಪ್ಪ, ಅವ್ವ, ಒಂಬತ್ತು ವರ್ಷದ ಭಾಗ್ಯ, ಐದು ವರ್ಷದ ತಂಗಿ ಸುಮ.

ಬೆಳಿಗ್ಗೆ ಗೇಟು ತೆಗೆಯುವವರೆಗೆ ಇಡೀ ಪಾರ್ಕು ಅಕ್ಕತಂಗಿಯರದು. ಅಪ್ಪ ಬಿಟ್ಟ ನೀರು ಹುಲ್ಲಿನೊಳಗೆ ಹರಿದು ಬರುವಾಗ ಅದರ ಮುಂದೆ ಮುಂದೆ ಓಡುವುದು, ಉಯ್ಯಾಲೆಯ ಸರಪಳಿ ಹಿಡಿದ ಕೈ ಮೂಸಿಕೊಂಡು ಕಬ್ಬಿಣದ ವಾಸನೆಗೆ ಮುಖ ಕಿವುಚುವುದು. ಜಿಂಕೆಗಳಿಗೆ ಸೊಪ್ಪು ಹಾಕುವುದು. ಭಾನುವಾರದ ಜನ ಹೋದ ಮೇಲೆ ಹುಲ್ಲಿನಲ್ಲಿ ರಿಬ್ಬನ್ನು, ಬಳೆಚೂರು, ಒಂಟಿ ಚಪ್ಪಲಿ ಸಿಗುತ್ತಿದ್ದವಂತೆ. ನಡುವೆ ಸಿಮೆಂಟಿನ ಒಂದು ಆನೆ. ಬಾಲದ ಕಡೆಯಿಂದ ಮೆಟ್ಟಿಲು ಹತ್ತಿ ಸೊಂಡಿಲಿನ ಮೇಲಿಂದ ಜಾರಬೇಕು. "ನಮ್ಮೂರಲ್ಲಿ ಆನೆ ಬಂದ್ರೆ ಎದ್ದು ಬಿದ್ದು ಓಡ್ತಿದ್ದೋ. ಅಲ್ಲಿ ಆನೆ ಮ್ಯಾಲೇ ಅತ್ತಿ ಜಾರ್ತಿದ್ದೋ. ಸುಮ ಅದ್ಕೆ ದಿನಾ ಕೈ ಮುಗುದು ಮ್ಯಾಲಕ್ಕತ್ತೋಳು" ಅಂದರು ಅತ್ತೆ. ಆಗ ಅವರ ಮುಖದಲ್ಲಿ ಬಂದ ಬೆಳಕನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಪಾರ್ಕಿನಲ್ಲಿ ಒಂದು ರೇಡಿಯೋ ಮನೆ. ಆಗೆಲ್ಲ ಸಂಜೆ ಜನ ಹುಲ್ಲಿನ ಮೇಲೆ ಕೂತು ರೇಡಿಯೋ ಕೇಳುತ್ತಿದ್ದರು. ಒಳಗೆ ಮುರುಗನ್ ಎಂಬಾತ ರೇಡಿಯೋ ಹಾಕಿದರೆ ಮರಗಳಿಗೆ ಕಟ್ಟಿದ್ದ ಲೌಡ್‌ಸ್ಪೀಕರುಗಳಲ್ಲಿ ಹಾಡು, ವಾರ್ತೆ ಎಲ್ಲ ಬರುವುದು. ಆ ಕೋಣೆಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಹಾಗಾಗಿ ಸುಮಳ ಲೆಕ್ಕದಲ್ಲಿ ಹಾಡುತ್ತಿದ್ದದ್ದು ಮರಗಳೇ.

ಅವರ ಅವ್ವ ಕಾಡಿನ ಪಾಠವನ್ನು ಪಾರ್ಕಿನಲ್ಲೂ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಮುಖ ಕಾಣದೆ ಯಾರಾದರೂ ಹೆಸರು ಹಿಡಿದು ಕೂಗಿದರೆ ಓ ಅನ್ನಬಾರದು, ಅವಿತುಕೊಳ್ಳಬೇಕು. ಕಾಡಿನ ಪೀಡೆ ಎರಡು ಸಲ ಕೂಗಬಲ್ಲದು, ಮೂರನೆಯದು ಅದಕ್ಕೆ ಬರುವುದಿಲ್ಲ. ಮೂರನೇ ಸಲ ಕೂಗಿದರೆ ಮನುಷ್ಯರು, ಆಗ ಓಗೊಡಬೇಕು. ತಾಳಮಲೆಯ ಕಡೆ ಹಳಬರು ಈಗಲೂ ಕತ್ತಲಾದ ಮೇಲೆ ಮೂರು ಸಲ ಕೂಗದೆ ಯಾರನ್ನೂ ಕರೆಯುವುದಿಲ್ಲ.

ಸಂಕ್ರಾಂತಿ ಕಳೆದು ತಮಿಳರು ಮನೆಮಂದಿಯೆಲ್ಲ ಸುತ್ತಾಡಲು ಹೊರಡುವ ಕಾಣುಂ ಪೊಂಗಲ್ ದಿನ ಪಾರ್ಕಿಗೆ ಊರಿಗೂರೇ ಬಂದಿತ್ತು. ಹುಲ್ಲು ಕಾಣದಷ್ಟು ಜನ. ಸಂಜೆ ಹೊತ್ತಿಗೆ ಸುಮ ಎಲ್ಲೋ ತಪ್ಪಿಸಿಕೊಂಡಳು. ಅಪ್ಪ, ಅವ್ವ, ಭಾಗ್ಯ ಕೂಗಿದರು. ಮರಮರದಿಂದಲೂ ಹಾಡು ಬರುತ್ತಿರುವಾಗ ಇವರ ಗಂಟಲು ಎಲ್ಲಿಗೆ ಮುಟ್ಟಬೇಕು? ದೊಡ್ಡಮಾದ ಓಡಿಹೋಗಿ ಮುರುಗನ್‌ಗೆ ಹೇಳಿದ. ಹಾಡು ನಿಂತಿತು. ಎಲ್ಲ ಮರಗಳಿಂದಲೂ ಒಟ್ಟಿಗೆ ಒಂದು ಗಂಡು ದನಿ, ಸುಮ, ಸುಮ ಎಂದು ಕರೆಯಿತು. ಮುರುಗನ್ ಏನು ಹೇಳಿದರೂ ಎರಡು ಸಲ ಹೇಳುವುದು ರೂಢಿ. ಆಮೇಲೆ ವಾರ್ತೆಯ ಹೊತ್ತಾಯಿತೆಂದು ವಾರ್ತೆ ಹಾಕಿದ.

ಅಪ್ಪ, ಅವ್ವ ಹುಡುಕುತ್ತ ಜನದೊಳಗೆ ದೂರ ಹೋಗಿದ್ದರು. ತಂಗಿ ಈಗ ಏನು ಮಾಡುತ್ತಾಳೆಂದು ಅಲ್ಲಿದ್ದವರಲ್ಲಿ ಭಾಗ್ಯ ಒಬ್ಬಳಿಗೇ ಗೊತ್ತು. ಓಡಿಹೋಗಿ ರೇಡಿಯೋ ಮನೆಯ ಬಾಗಿಲು ಬಡಿದಳು. "ಇನ್ನೊಂದ್ ಸಲ ಕೂಗಿ, ಮೂರ್ ಸಲ ಕೂಗಿ" ಎಂದು ಕನ್ನಡದಲ್ಲಿ ಬೇಡಿಕೊಂಡಳು. ಮುರುಗನ್‌ಗೆ ಕನ್ನಡ ಬಾರದು. ಹೇಳಿಯಾಯಿತು, ಹೋಗಮ್ಮ, ಅಪ್ಪನ ಹತ್ತಿರ ಇರು ಎಂದು ತಲೆ ಸವರಿ ಕಳಿಸಿದ. ವಾರ್ತೆ ಮುಗಿದ ಮೇಲೆ ಮತ್ತೆ ಕೂಗಿದ. ಮತ್ತೆ ಎರಡೇ ಸಲ.

ಆಮೇಲೆ ಬಲೂನು ಮಾರುವ ಹೆಂಗಸೊಬ್ಬಳು ಹೇಳಿದಳಂತೆ, ಆನೆಯ ಹಿಂದೆ ಒಂದು ಮಗು ಕಿವಿ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿತ್ತು, ಬಾ ಅಂದಿದ್ದಕ್ಕೆ ಗೇಟಿನ ಕಡೆ ಓಡಿತು ಎಂದು. ಗೇಟಿನಿಂದಾಚೆಗೆ ಏನಾಯಿತೋ ಯಾರಿಗೂ ತಿಳಿಯದು. ಸುಮ ಸಿಗಲಿಲ್ಲ. ಮುರುಗನ್ ಒಳ್ಳೆಯ ಮನುಷ್ಯ, ಇವರನ್ನು ಕಂಡಾಗಲೆಲ್ಲ ಅಳುತ್ತಿದ್ದನಂತೆ. ಒಂದಷ್ಟು ಕಾಲ ಅಲ್ಲೇ ಕಾದು, ಕೊನೆಗೆ ಮೂವರೇ ಘಾಟು ಹತ್ತಿ ಬಂದರು.

"ಅಷ್ಟಾದ ಮೇಲೂ ಅದನ್ನೇ ನನ್ನ ಮಗಳಿಗೆ ಕಲಿಸಿದಿರಾ ಅತ್ತೆ?" ಎಂದು ಕೇಳಿದೆ. ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದಿದ್ದವು.

"ಸುಮ ಯೋಳ್ಕೊಟ್ಟಂಗೇ ಮಾಡುದ್ಲು ಕಣವ್ವ. ಅವಳ್ದೇನು ತಪ್ಪಿಲ್ಲ. ಮೂರ್ನೇ ಸಲ ಕೂಗೋರು ಇರ್ನಿಲ್ಲ" ಅಂದರು ಅತ್ತೆ. ಕುಕ್ಕೆ ಎತ್ತಿಕೊಂಡು ಮತ್ತೆ ಹೂ ಬಿಡಿಸಲು ಹೋದರು.

ಪಾರ್ಕಿನ ಗುರುತುಗಳನ್ನೆಲ್ಲ ಕೆದಕಿ ಕೇಳಿ, ಫೋನಿನಲ್ಲಿ ಹುಡುಕಿದೆ. ಯಾರೋ ತೆಗೆದ ವಿಡಿಯೋ ಸಿಕ್ಕಿತು. ರೇಡಿಯೋ ಮನೆ ಬೀಗ ಹಾಕಿಕೊಂಡು ಬಣ್ಣ ಕಳೆದುಕೊಂಡಿತ್ತು, ಆನೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರು. ಅತ್ತೆಗೆ ತೋರಿಸಿದೆ. ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಬೆರಳಿನಿಂದ ಪರದೆಯನ್ನು ಮೆಲ್ಲಗೆ ಸವರಿ, "ಆನೆ ಇಂದ್ಕೆ ವಸಿ ತಿರುಗ್ಸವ್ವ" ಅಂದರು. ಫೋನಿನಲ್ಲಿ ಹಾಗೆ ಆಗುವುದಿಲ್ಲ ಅಂದೆ. ಆಗಲಿ ಬಿಡು ಎಂದು ತಲೆಯಾಡಿಸಿದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಂದಿನಿಂದ ಸಂಜೆ ಹುಣಸೆಮರದಲ್ಲಿ ಗಾಳಿಯಾಡಿದರೆ ನನ್ನ ಕಿವಿಯೂ ಅತ್ತಲೇ ಹೋಗತೊಡಗಿತು.

ದೀಪಾವಳಿ ಮುಗಿದ ಮೇಲೆ ನಮ್ಮೂರಲ್ಲಿ ಸಗಣಿ ಹಬ್ಬ. ಬೀರೇಶ್ವರನ ಗುಡಿಯ ಹಿಂದೆ ಟ್ರ್ಯಾಕ್ಟರಿನಲ್ಲಿ ಸಗಣಿ ತಂದು ಗುಡ್ಡೆ ಹಾಕುತ್ತಾರೆ. ಪೂಜೆಯಾದ ಮೇಲೆ ಗಂಡಸರು ಅಂಗಿ ಬಿಚ್ಚಿ ಅದರೊಳಗೆ ಇಳಿದು, ಉಂಡೆ ಕಟ್ಟಿ ಒಬ್ಬರಿಗೊಬ್ಬರು ಹೊಡೆದಾಡುತ್ತಾರೆ. ಮುಗಿಯುವಾಗ ಅಪ್ಪ ಯಾರು, ಮಗ ಯಾರು ಎಂದು ಗುರುತು ಹತ್ತುವುದಿಲ್ಲ. ಕಟ್ಟಿಕೊಂಡ ನಾನೇ ನನ್ನ ಗಂಡನನ್ನು ಹಲ್ಲಿನಿಂದ ಗುರುತಿಸಬೇಕು. ಆ ಸಲ ಮಮತಳನ್ನು ಮೊದಲ ಬಾರಿಗೆ ಕರೆದುಕೊಂಡು ಹೋಗಿದ್ದೆ. ಅತ್ತೆ ಎಂದಿನಂತೆ ಬಾಗಿಲು ಹಾಕಿಕೊಂಡಿದ್ದರು.

ಹೊತ್ತು ಮುಳುಗುತ್ತಿತ್ತು. ಆಟ ಮುಗಿಸಿದ ಶಿವಶಂಕರ ತಲೆಯಿಂದ ಕಾಲಿನವರೆಗೆ ಸಗಣಿ ಮೆತ್ತಿಕೊಂಡು ನಮ್ಮ ಕಡೆ ಬಂದು, "ಮಮತ, ಬಾವ್ವ" ಎಂದು ಕೈ ಚಾಚಿದ. ಮಗು ನೋಡಿತು. ಕಣ್ಣಿಲ್ಲ, ಮೂಗಿಲ್ಲ, ಹೆಸರು ಮಾತ್ರ ಕೂಗುತ್ತಿದೆ. ನನ್ನ ಕೈ ಕೊಸರಿಕೊಂಡು ಜನದೊಳಗೆ ನುಗ್ಗಿ ಓಡಿತು. ನಾನು ನಕ್ಕೆ. ಅವನೂ ನಕ್ಕು, "ಲೇ, ನಾನ್ ಕಣಮ್ಮಿ, ಅಪ್ಪ" ಎಂದು ಮತ್ತೊಮ್ಮೆ ಕೂಗಿದ. ಅಷ್ಟರಲ್ಲಿ ಅವಳು ಕಣ್ಣಿಗೆ ಬೀಳದ ಹಾಗೆ ಆಗಿದ್ದಳು.

ಗುಡಿಯ ಸುತ್ತ ಹುಡುಕಿದೆವು, ಅಂಗಡಿಗಳ ಹಿಂದೆ ಹುಡುಕಿದೆವು. ಮೂರು ಮೂರು ಸಲ ಕೂಗಿದರೂ ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಗಂಡಸರೆಲ್ಲ ಮೈ ತೊಳೆಯಲು ಕೆರೆಗೆ ಇಳಿಯುತ್ತಿದ್ದರು. ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ಪರ ಊರಿನವರ ಗಾಡಿಗಳು ಒಂದೊಂದೇ ಹೊರಡುತ್ತಿದ್ದವು. ಶಿವಶಂಕರ ಕೆರೆಯ ಕಡೆ ಓಡಿದ. ಅಷ್ಟರಲ್ಲಿ ಯಾರೋ ಹೇಳಿದ್ದರೆಂದು ಕಾಣುತ್ತದೆ, ಮೈಕಿನ ಪುಟ್ಟಬಸಪ್ಪ ಮರಗಳಿಗೆ ಕಟ್ಟಿದ ಲೌಡ್‌ಸ್ಪೀಕರುಗಳಲ್ಲಿ "ಮಮತ, ಶಿವಶಂಕರನ ಮಗಳು ಮಮತ" ಎಂದು ಕರೆದ. ಎರಡು ಸಲ ಕರೆದು, ಗಾಡಿಗಳವರು ದಾರಿ ಬಿಡಿ ಎಂದು ಬೇರೆ ಮಾತಿಗೆ ಹೋದ. ಮಗು ಎಲ್ಲೇ ಇರಲಿ, ಈಗ ಇನ್ನೂ ಒಳಕ್ಕೆ ಸರಿದಿರುತ್ತದೆ. ಮೈಕಿನ ಕಡೆ ಓಡೋಣವೆಂದರೆ ಜನ ದಾರಿ ಬಿಡುತ್ತಿಲ್ಲ.

ಆಗ ಅತ್ತೆ ಕಂಡರು. ಸೆರಗು ಜಾರಿದೆ, ಕಾಲಲ್ಲಿ ಚಪ್ಪಲಿ ಇಲ್ಲ. ಮುಚ್ಚಿದ ಬಾಗಿಲ ಒಳಗಿದ್ದವರಿಗೆ ಮರದಿಂದ ಮೊಮ್ಮಗಳ ಹೆಸರು ಕೇಳಿಸಿತ್ತು. "ನಿಮ್ಮಿಂದ, ಎಲ್ಲ ನಿಮ್ಮಿಂದ" ಎಂದು ನಾನು ಎಲ್ಲರೆದುರಿಗೆ ಕಿರುಚಿದೆ. ಅವರು ನನ್ನ ಮುಖವನ್ನೂ ನೋಡಲಿಲ್ಲ. ಜನರನ್ನು ಎರಡೂ ಕೈಯಲ್ಲಿ ಸೀಳಿಕೊಂಡು ಪುಟ್ಟಬಸಪ್ಪನ ಮುಂದೆ ನಿಂತರು. ನಾನು ಅವರ ಸೆರಗು ಹಿಡಿದು ಹಿಂದೆಯೇ ಹೋದೆ.

"ಕೊಡಪ್ಪ ಅದ" ಅಂದರು.

"ಕೂಗಿದ್ದೀನಲ್ಲವ್ವ, ಎರಡ್ ಸಲ" ಅಂದ ಅವನು.

ಅತ್ತೆ ಮೈಕನ್ನು ಅವನ ಕೈಯಿಂದ ಕಿತ್ತುಕೊಂಡರು. "ಮಮತ" ಅಂದರು. ಆ ದನಿ ಒರಟಾಗಿತ್ತು, ತುಕ್ಕು ಹಿಡಿದ ಬಾಗಿಲು ತೆಗೆದ ಹಾಗೆ. ಮತ್ತೆ "ಮಮತ" ಅಂದರು. ಜನ ಮಾತು ನಿಲ್ಲಿಸಿ ತಿರುಗಿದರು. ಅತ್ತೆ ಉಸಿರು ಎಳೆದುಕೊಂಡು ಮೂರನೇ ಸಲ ಕೂಗಿದರು, "ಮಮತಾ".

"ಓ!"

ಸಗಣಿ ತಂದಿದ್ದ ಟ್ರ್ಯಾಕ್ಟರಿನ ತೊಟ್ಟಿಯೊಳಗೆ, ಟಾರ್ಪಾಲಿನ ಕೆಳಗಿನಿಂದ ಪುಟ್ಟ ತಲೆಯೊಂದು ಎದ್ದಿತು. ಯಾರೋ ಎತ್ತಿ ನನ್ನ ಕೈಗೆ ಕೊಟ್ಟರು. ನಾನು ಅವಳನ್ನು ಅವುಚಿಕೊಂಡು "ಅತ್ತೆ, ಅತ್ತೆ" ಎಂದು ಅಳುತ್ತಿದ್ದೆ. ಅತ್ತೆ ಒಂದು ಸಲ ಮಗುವಿನ ಕೆನ್ನೆ ಮುಟ್ಟಿದರು. ಪುಟ್ಟಬಸಪ್ಪ ಮೈಕಿಗೆ ಕೈ ಚಾಚಿದ. ಅವರು ಕೊಡಲಿಲ್ಲ. ಅದನ್ನು ಬಾಯಿಯ ಹತ್ತಿರ ಹಿಡಿದು, ಸಂಜೆ ಅಂಗಳದಲ್ಲಿ ನಿಲ್ಲುವ ಹಾಗೆಯೇ ಗುಡಿಯ ಹುಣಸೆಮರದ ಕಡೆ ತಲೆ ವಾಲಿಸಿ ನಿಂತರು.

"ಸುಮ" ಅಂದರು.

ಊರಿನವರಿಗೆ ಅದು ಯಾರ ಹೆಸರೆಂದು ತಿಳಿಯದು. "ಇನ್ನೊಂದ್ ಮಗು ಕಳ್ದದಾ?" ಎಂದು ಒಬ್ಬಳು ಕೇಳಿದಳು. ಅತ್ತೆ ಎರಡನೇ ಸಲ ಕೂಗಿದರು. ಕೆರೆಯ ಕಡೆಯಿಂದ ಬರುತ್ತಿದ್ದ ಗಂಡಸರೂ ನಿಂತರು. ಅತ್ತೆ ಕಣ್ಣು ಮುಚ್ಚಿ, ಗಂಟಲ ನರ ಉಬ್ಬುವ ಹಾಗೆ ಮೂರನೇ ಸಲ ಕೂಗಿದರು. "ಸುಮಾ." ಎಲ್ಲ ಮರಗಳಿಂದಲೂ ಆ ಹೆಸರು ಬಂದು ಹೋಯಿತು. ಅತ್ತೆ ಕಾದರು. ಲೌಡ್‌ಸ್ಪೀಕರು ಸಣ್ಣಗೆ ಗುಂಯ್ ಅನ್ನುತ್ತಿತ್ತು.

ನನ್ನ ಸೊಂಟದ ಮೇಲಿದ್ದ ಮಮತ ಅತ್ತ ಇತ್ತ ನೋಡಿದಳು. ಮೂರು ಸಲ ಕೂಗಿ ಆಯಿತು, ಯಾರೂ ಓಗೊಡುತ್ತಿಲ್ಲ. ಅಜ್ಜಿಯ ಮುಖ ನೋಡಿದಳು.

"ಓ" ಅಂದಳು.

ಅತ್ತೆ ಕಣ್ಣು ತೆರೆದು ಅವಳ ಕಡೆ ತಿರುಗಿದರು. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು.

"ಎಲ್ಲಿದ್ದಮ್ಮಿ ಇಷ್ಟೊತ್ತಗಂಟ?" ಅಂದರು.