ಈಜು ಬರುತ್ತೆ ಅಂದುಬಿಟ್ಟೆ

ಹಲಸೂರು ಕೆರೆಯನ್ನು ದಡದಿಂದಷ್ಟೇ ನೋಡಿ ಬೆಳೆದವಳು ನಾನು. ಉತ್ತರ ಕನ್ನಡದಲ್ಲಿ, ನದಿಯೊಂದು ಸಮುದ್ರ ಸೇರುವ ಕಡೆ, ಆಚೆ ಗುಡ್ಡದ ಹಳೇ ಕೋಟೆ ನೋಡಲು ದೋಣಿ ಹತ್ತಿದೆ. ದೋಣಿಯವರು ಎಲ್ಲರೆದುರು, "ಈಜು ಬರ್ತದಾ ತಂಗಿ?" ಎಂದರು. ನಾಚಿಕೆಗೆ "ಹೂಂ" ಅಂದುಬಿಟ್ಟೆ.

"ಅಡ್ಡಿಲ್ಲ. ಲೈಫ್ ಜಾಕೆಟ್ ಒಂದು ಕಮ್ಮಿ ಅದೆ. ನೀ ಹಾಕಿದ್ದು ಈ ಅಜ್ಜಿಗೆ ಕೊಡು."

ಬಿಚ್ಚಿ ಕೊಟ್ಟೆ. ನಡುನೀರಿನಲ್ಲಿ ಅಲೆಯೊಂದು ದೋಣಿಯನ್ನು ಎತ್ತಿ ಕುಕ್ಕಿತು. ನಿಜ ಹೇಳಿಬಿಡೋಣವೆಂದು ದೋಣಿಯವರ ಕಡೆ ತಿರುಗಿದೆ. ಅಷ್ಟರಲ್ಲಿ ಅಜ್ಜಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಏನಾರೂ ಆದ್ರೆ ನನ್ನ ಬಿಡಬೇಡ ಮಗಳೇ," ಎಂದರು.

"ಇಲ್ಲ ಅಜ್ಜಿ," ಎಂದೆ.

ಕೋಟೆ ಹೇಗಿತ್ತು ಅಂತ ಮನೆಯಲ್ಲಿ ಕೇಳಿದರು. ಅಲ್ಲಿ ನಾನು ಹುಡುಕಿದ್ದು ಒಂದೇ: ವಾಪಸ್ ಬರಲು ರಸ್ತೆ.